ಪಿತೃಋಣವೂ ಅನ್ಯರ ವಂಶಾವಳಿಯೂ

ಮಹಾಲಯ ಅಮಾವಾಸ್ಯೆಯ ದಿನ ಸೂರ್ಯೋದಯಕ್ಕೆ ಮೊದಲೇ ಚೆನ್ನೈ ನಗರದ ಮೈಲಾಪುರದಲ್ಲಿ ಕಪಾಲೀಶ್ವರ ದೇವಾಲಯದ ಕೊಳದ ಮೆಟ್ಟಿಲುಗಳ ಮೇಲೆಯೂ, ಮರೀನಾ ಕಡಲತೀರದ ಮರಳಿನ ಮೇಲೆಯೂ ಜನರು ಕಿಕ್ಕಿರಿದು ನೆರೆಯುತ್ತಾರೆ. ಕೈಯಲ್ಲಿ ದರ್ಭೆ, ಎಳ್ಳು, ಪಾತ್ರೆಯಲ್ಲಿ ನೀರು. ಎದುರಿಗೆ ಅವಸರದಲ್ಲಿರುವ ಪುರೋಹಿತರು. ಅವರು ಗೋತ್ರವನ್ನು ಕೇಳುತ್ತಾರೆ, ಕರ್ತೃವು ಹೇಳುತ್ತಾನೆ. ತಂದೆಯ ಹೆಸರನ್ನು ಕೇಳುತ್ತಾರೆ, ಹೇಳುತ್ತಾನೆ. ಅಜ್ಜನ ಹೆಸರನ್ನೂ ಹೇಳುತ್ತಾನೆ. ಮುತ್ತಜ್ಜನ ಹೆಸರಿಗೆ ಬರುವಷ್ಟರಲ್ಲಿ ಮಾತು ತಡವರಿಸುತ್ತದೆ. ತಾಯಿಯ ತವರಿನ ಕಡೆಗೆ ತಿರುಗಿದರಂತೂ ಮೌನವೇ ಉತ್ತರ. ತಂದೆಯ ವಂಶದಲ್ಲಿ ಮೂವರು, ಅವರ ಪತ್ನಿಯರು ಮೂವರು. ತಾಯಿಯ ತಂದೆಯ ವಂಶದಲ್ಲಿ ಮೂವರು, ಅವರ ಪತ್ನಿಯರು ಮೂವರು. ಹೀಗೆ ಒಟ್ಟು 12 ಹೆಸರುಗಳು ಬೇಕು. ಚೀಟಿಯನ್ನು ನೋಡದೆ ಹನ್ನೆರಡನ್ನೂ ಹೇಳಬಲ್ಲವರು ವಿರಳ. ಮಾರನೆಯ ದಿನವೇ ಪಾಡ್ಯ. ಮನೆಯಲ್ಲಿ ಗೊಂಬೆಗಳ ಮೆಟ್ಟಿಲು ಏರುತ್ತದೆ, ನವರಾತ್ರಿಯ ಕಲಶ ಕೂರುತ್ತದೆ. ತಡವರಿಸಿದ ಆ ಹೆಸರು ಹಬ್ಬದ ಸಡಗರದಲ್ಲಿ ಮತ್ತೊಂದು ಭಾದ್ರಪದದವರೆಗೆ ಮರೆತುಹೋಗುತ್ತದೆ.

ಈ ಪಕ್ಷಕ್ಕೆ ಸಂಬಂಧಿಸಿದಂತೆ ಜನರ ಬಾಯಲ್ಲಿ ಬೆಳೆದು ಬಂದ ಒಂದು ಕಥೆಯುಂಟು. ದಾನಶೂರನಾದ ಕರ್ಣನು ಸ್ವರ್ಗಕ್ಕೆ ಹೋದಾಗ ಅವನಿಗೆ ಅನ್ನದ ಬದಲು ಚಿನ್ನವನ್ನೇ ಬಡಿಸಿದರಂತೆ. ಹಸಿವಿನಿಂದ ಕಂಗೆಟ್ಟು ಕಾರಣವನ್ನು ಕೇಳಿದಾಗ, ಬದುಕಿದ್ದಷ್ಟು ಕಾಲವೂ ಚಿನ್ನವನ್ನೇ ದಾನ ಮಾಡಿದೆ, ಪಿತೃಗಳಿಗೆ ಒಂದು ತುತ್ತು ಅನ್ನವನ್ನು ಕೊಡಲಿಲ್ಲ ಎಂಬ ಉತ್ತರ ಬಂದಿತು. ತನ್ನ ಪಿತೃಗಳು ಯಾರೆಂಬುದೇ ತನಗೆ ತಿಳಿದಿರಲಿಲ್ಲವಲ್ಲ ಎಂದು ಕರ್ಣನು ಬೇಡಿಕೊಂಡನು. ಆಗ ಅವನಿಗೆ ಭೂಮಿಗೆ ಮರಳಿ ಬಂದು ಅನ್ನದಾನವನ್ನೂ ತರ್ಪಣವನ್ನೂ ಮಾಡಲು ಒಂದು ಪಕ್ಷದ ಅವಧಿ ದೊರೆಯಿತು. ಅದೇ ಮಹಾಲಯ ಪಕ್ಷವಾಯಿತು ಎನ್ನುತ್ತಾರೆ. ಕಥೆಯ ಪ್ರಾಮಾಣ್ಯದ ಚರ್ಚೆ ಇಲ್ಲಿ ಬೇಡ. ಗಮನಿಸತಕ್ಕ ಅಂಶವೆಂದರೆ, ಕರ್ಣನ ಅಜ್ಞಾನವನ್ನು ಪಾಪವೆಂದು ಯಾರೂ ಹೇಳಲಿಲ್ಲ; ಆದರೂ ಅದರಿಂದ ಉಂಟಾದ ಹಸಿವು ತಪ್ಪಲಿಲ್ಲ.

ಹೆಸರು ತಿಳಿಯದಿದ್ದರೆ ಕರ್ಮವು ನಿಂತುಹೋಗುವುದೇ? ಹಾಗೇನೂ ಇಲ್ಲ. ಸೂತ್ರಕಾರರೂ ನಿಬಂಧಕಾರರೂ ಇದನ್ನು ಮೊದಲೇ ಆಲೋಚಿಸಿದ್ದಾರೆ. ಗೋತ್ರ ತಿಳಿಯದವನು ಕಾಶ್ಯಪ ಗೋತ್ರವನ್ನು ಹೇಳಬಹುದು. ತಂದೆಯ ಹೆಸರು ತಿಳಿಯದಿದ್ದರೆ ಪೃಥಿವಿಯಲ್ಲಿ ಕುಳಿತವನೆಂದೂ, ಪಿತಾಮಹನ ಹೆಸರು ತಿಳಿಯದಿದ್ದರೆ ಅಂತರಿಕ್ಷದಲ್ಲಿ ಕುಳಿತವನೆಂದೂ, ಪ್ರಪಿತಾಮಹನ ಹೆಸರು ತಿಳಿಯದಿದ್ದರೆ ದ್ಯುಲೋಕದಲ್ಲಿ ಕುಳಿತವನೆಂದೂ ಕರೆದು ನೀರು ಬಿಡಬಹುದು. ಈ ವ್ಯವಸ್ಥೆಯಲ್ಲಿರುವ ಕರುಣೆಯನ್ನು ಮೆಚ್ಚದವರು ಯಾರು? ಆದರೆ ಇಲ್ಲಿಯೇ ಒಂದು ಆಕ್ಷೇಪವೂ ಹುಟ್ಟುತ್ತದೆ. ಹೆಸರಿಲ್ಲದೆಯೇ ಕರ್ಮವು ಪೂರ್ಣವಾಗುವುದಾದರೆ, ಹಳೆಯ ಕಾಗದಗಳನ್ನು ಕೆದಕಿ ಹೆಸರುಗಳನ್ನು ಹುಡುಕುವ ಶ್ರಮವೇಕೆ? ತೈತ್ತಿರೀಯ ಸಂಹಿತೆಯು ಹೇಳುವ ಮೂರು ಋಣಗಳಲ್ಲಿ ಪಿತೃಋಣವು ಸಂತತಿಯಿಂದಲೇ ತೀರುತ್ತದೆಯಷ್ಟೆ?

ಆಕ್ಷೇಪಕ್ಕೆ ಬಲವುಂಟು. ಆದರೆ ಸಾಲದ ಪತ್ರ ಕಳೆದುಹೋದಾಗ ಸಾಲವನ್ನು ತೀರಿಸಲು ಬೇರೊಂದು ದಾರಿಯನ್ನು ತೋರಿಸಿಕೊಟ್ಟವರು, ಪತ್ರವನ್ನು ಹರಿದು ಹಾಕೆಂದು ಹೇಳಿದಂತಾಗಲಿಲ್ಲ. ಶಾಸ್ತ್ರವು ಮರೆತವನ ಮೇಲೆ ದಯೆ ತೋರಿತು, ಮರೆವನ್ನು ವಿಧಿಸಲಿಲ್ಲ. ಮೇಲಾಗಿ, ಕೃತಜ್ಞತೆಯ ಸ್ವಭಾವವೇ ಬೇರೆ. ಉಪಕಾರ ಮಾಡಿದವನ ಹೆಸರನ್ನು ಕೇಳದೆ ಉಪಕಾರವನ್ನು ತೀರಿಸಿ ಹೋಗುವವನನ್ನು ಲೋಕವು ಪ್ರಾಮಾಣಿಕನೆಂದೀತು, ಕೃತಜ್ಞನೆನ್ನಲಾರದು.

ಉತ್ತರ ಕರ್ನಾಟಕದ ರೈತರಿಗೆ ಈ ಹೆಸರುಗಳನ್ನು ಕಾಪಾಡಿಕೊಟ್ಟವರು ಹೆಳವರು. ಹೆಳವನೆಂದರೆ ಕಾಲಿಲ್ಲದವನು, ಕುಂಟ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಹಳ್ಳಿಗೆ ಬಂದು, ಮನೆಮನೆಯ ಮುಂದೆ ನಿಂತು ಆಯಾ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವ ಬಳ್ಳಾರಿ ಸೀಮೆಯ ಹೆಳವರನ್ನು ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಬಳ್ಳಾರಿಯು ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1953ರಲ್ಲಿ. ಹೆಳವನು ಬಂದ ದಿನ ಮನೆಯವರೆಲ್ಲ ಅಂಗಳದಲ್ಲಿ ಕೂಡುತ್ತಾರೆ. ಮೂಲಪುರುಷನು ಯಾವ ಊರಿನಿಂದ ಬಂದನು, ಅವನಿಗೆ ಮಕ್ಕಳೆಷ್ಟು, ಯಾರು ಯಾವ ಊರಿಗೆ ಹೋಗಿ ನೆಲೆಸಿದರು ಎಂಬುದನ್ನು ಅವನು ಹೇಳುತ್ತಾನೆ. ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರುಗಳನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾನೆ. ಕಾಳು, ಬಟ್ಟೆ, ಕೆಲವೊಮ್ಮೆ ಒಂದು ಕರು ಅವನಿಗೆ ಸಲ್ಲುತ್ತದೆ. ಗಯೆಯಲ್ಲಿ, ಹರಿದ್ವಾರದಲ್ಲಿ ಪಂಡಾಗಳ ವಹಿಗಳಲ್ಲಿ ಇರುವುದೂ ಇದೇ ಬಗೆಯ ಸಂಗ್ರಹ. ಯಾತ್ರಿಕನು ಊರಿನ ಹೆಸರನ್ನು ಹೇಳಿದರೆ ಸಾಕು, ಅಜ್ಜನು ಬಂದು ಹೋದ ದಿನವನ್ನೂ ಅವನ ಹಸ್ತಾಕ್ಷರವನ್ನೂ ತೆಗೆದು ತೋರಿಸುವ ಪಂಡಾಗಳು ಈಗಲೂ ಉಂಟು.

ಆದರೆ ಹೆಳವನು ಹಳ್ಳಿಗೆ ಬರುತ್ತಾನೆಯೇ ಹೊರತು ಚೆನ್ನೈಗೆ ಬರುವುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೂ ಮದರಾಸು ರಾಜ್ಯದಲ್ಲಿದ್ದುದರಿಂದ, ಓದಲು, ವಕೀಲಿ ಮಾಡಲು, ಹೋಟೆಲು ನಡೆಸಲು ಆ ಜಿಲ್ಲೆಯವರು ತಮ್ಮ ರಾಜಧಾನಿಗೆ ಬಂದರು. ಕೆ. ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಹೋಟೆಲನ್ನು 1938ರಲ್ಲಿ ತೆರೆದದ್ದು ಎಲ್ಲರಿಗೂ ತಿಳಿದಿದೆ. ಅಂತಹ ಹೋಟೆಲುಗಳ ಅಡುಗೆಮನೆಗೆ ಎಳೆಯ ವಯಸ್ಸಿನಲ್ಲಿಯೇ ಬಂದು ಸೇರಿದ ಹುಡುಗರ ಹೆಸರುಗಳು ಯಾವ ಚರಿತ್ರೆಯಲ್ಲಿವೆ? ಬಂದವರು ಹೆಸರಿನ ಮುಂದೆ ಎರಡು ಅಕ್ಷರಗಳನ್ನು ಹೊತ್ತು ತಂದಿದ್ದರು, ಒಂದು ಊರಿನದು, ಒಂದು ತಂದೆಯದು. ತಮಿಳುನಾಡಿನ ರೂಢಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ಸಾಕು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಊರಿನ ಅಕ್ಷರವು ಸದ್ದಿಲ್ಲದೆ ಬಿದ್ದುಹೋಯಿತು. ಹೆಣ್ಣುಮಕ್ಕಳ ವಿಷಯವು ಇನ್ನೂ ಕಠಿಣ. ಮದುವೆಯಲ್ಲಿ ವಧುವಿಗೆ ಹೊಸ ಹೆಸರಿಡುವ ಪದ್ಧತಿಯಿದ್ದ ಮನೆತನಗಳಲ್ಲಿ, ತವರಿನವರು ಬಲ್ಲ ಹೆಸರು ಒಂದು, ಗಂಡನ ಮನೆಯ ಶ್ರಾದ್ಧದಲ್ಲಿ ಹೇಳುವ ಹೆಸರು ಇನ್ನೊಂದು. ಎರಡೂ ಒಬ್ಬಳದೇ ಎಂದು ಬಲ್ಲವರು ತೀರಿಹೋದ ಮೇಲೆ ಅವಳು ಇಬ್ಬರಾಗುತ್ತಾಳೆ, ಅಥವಾ ಯಾರೂ ಆಗದೆ ಹೋಗುತ್ತಾಳೆ.

ಇದೇ ನಗರದಲ್ಲಿ ಇನ್ನೊಂದು ಬಗೆಯ ಪಿತೃಗಳ ಹೆಸರುಗಳು ಆಶ್ಚರ್ಯಕರವಾಗಿ ಉಳಿದು ಬಂದಿವೆ. ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು 1680ರ ಅಕ್ಟೋಬರಿನಲ್ಲಿ ಪ್ರತಿಷ್ಠಿತವಾಯಿತು. ಅಂದಿನಿಂದ ಅಲ್ಲಿ ನಾಮಕರಣ, ವಿವಾಹ, ಸಮಾಧಿಗಳ ದಫ್ತರನ್ನು ಇಡಲಾಯಿತು. ಎಲಿಹು ಯೇಲನ ವಿವಾಹವು ಅದೇ ವರ್ಷದ್ದು. ರಾಬರ್ಟ್ ಕ್ಲೈವನ ವಿವಾಹವು 1753ರದು. ಆದರೆ ಇಂತಹ ಪ್ರಸಿದ್ಧರು ಬೆರಳೆಣಿಕೆಯಷ್ಟು. ಉಳಿದ ಸಾಲುಗಳೆಲ್ಲ ಜ್ವರದಿಂದ ಸತ್ತ ಸಿಪಾಯಿಗಳವು, ಹುಟ್ಟಿದ ವಾರದಲ್ಲೇ ಮಣ್ಣಾದ ಕೂಸುಗಳವು. ಪ್ರಾಂತ್ಯದ ಇಂತಹ ದಫ್ತರುಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆಗಾಗಿ 1998ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫಿಬಿಸ್ ಎಂಬ ಸಂಘದ ಸ್ವಯಂಸೇವಕರು ಇಂತಹ ದಾಖಲೆಗಳನ್ನು ಸಾಲು ಸಾಲಾಗಿ ಓದಿ ಬರೆದು, ಅಂತರ್ಜಾಲದಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಹುಡುಕುವಂತೆ ಇಟ್ಟಿದ್ದಾರೆ. ಅವರಿಗೆ ಸಂಬಳವಿಲ್ಲ. ಸಂಜೆ ಮನೆಗೆಲಸ ಮುಗಿದ ಮೇಲೆ ಗಣಕಯಂತ್ರದ ಮುಂದೆ ಕುಳಿತು, ಮಸಿ ಹರಡಿದ ಅಕ್ಷರಗಳನ್ನು ಬಿಡಿಸಿ, ತಮಗೆ ಯಾವ ಸಂಬಂಧವೂ ಇಲ್ಲದ ಒಬ್ಬನು ಮದರಾಸಿನಲ್ಲಿ ಸತ್ತ ದಿನಾಂಕವನ್ನು ಬರೆದಿಡುತ್ತಾರೆ. ಅದರ ಫಲವನ್ನು ಪಡೆಯುವವರು ಚೆನ್ನೈಯ ಆಂಗ್ಲೋ-ಇಂಡಿಯನ್ ಮನೆಗಳವರು, ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋದ ಅವರ ಮೊಮ್ಮಕ್ಕಳು.

ತನ್ನ ಪಿತೃಗಳಿಗಾಗಿ ಶ್ರಮಿಸುವವನ ಕರ್ಮಕ್ಕೆ ಹೆಸರುಂಟು. ಅನ್ಯರ ಪಿತೃಗಳಿಗಾಗಿ ಹೀಗೆ ಶ್ರಮಿಸುವವನ ಕರ್ಮಕ್ಕೆ ಏನೆಂದು ಹೆಸರಿಡಬೇಕು? ಮಹಾಭಾರತದ ಆದಿಪರ್ವದಲ್ಲಿ ಜರತ್ಕಾರುವಿನ ಉಪಾಖ್ಯಾನವಿದೆ. ಸಂಸಾರವನ್ನು ಬಯಸದೆ ತಪಸ್ಸಿನಲ್ಲಿ ಅಲೆಯುತ್ತಿದ್ದ ಆ ಮುನಿಯು ಒಂದು ಹಳ್ಳದಲ್ಲಿ ಕೆಲವರು ತಲೆಕೆಳಗಾಗಿ ನೇತಾಡುತ್ತಿರುವುದನ್ನು ಕಂಡನು. ಅವರಿಗೆ ಆಧಾರವಾಗಿದ್ದ ಹುಲ್ಲಿನ ಬೇರನ್ನು ಇಲಿಯೊಂದು ಕಡಿಯುತ್ತಿತ್ತು. ಒಂದೇ ಒಂದು ಎಳೆ ಉಳಿದಿತ್ತು. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮುಂದಿನ ಭಾಗಕ್ಕೆ, ಅಂದರೆ ಅವರು ಅವನ ಪಿತೃಗಳೇ ಎಂದು ತಿಳಿದು ಅವನು ಮದುವೆಗೆ ಒಪ್ಪಿದ ಭಾಗಕ್ಕೆ, ಧಾವಿಸುತ್ತಾರೆ. ಆದರೆ ನಡುವೆ ಒಂದು ಮಾತಿದೆ. ಅವರು ಯಾರೆಂದು ತಿಳಿಯುವ ಮೊದಲೇ ಜರತ್ಕಾರುವು ತನ್ನ ತಪಸ್ಸಿನ ನಾಲ್ಕನೆಯ ಒಂದು ಪಾಲನ್ನು, ಸಾಲದಿದ್ದರೆ ಮೂರನೆಯ ಒಂದನ್ನು, ಅರ್ಧವನ್ನು, ಕೊನೆಗೆ ಎಲ್ಲವನ್ನೂ ಕೊಟ್ಟು ಅವರನ್ನು ಉದ್ಧರಿಸಲು ಸಿದ್ಧನಾದನು. ನೇತಾಡುತ್ತಿರುವವರು ಅನ್ಯರೆಂದೇ ಅವನು ಭಾವಿಸಿದ್ದನು. ತನ್ನವರೆಂಬ ಅರಿವು ಆಮೇಲೆ ಬಂದದ್ದು. ವ್ಯಾಸರು ಈ ಕ್ರಮವನ್ನು ಸುಮ್ಮನೆ ಇಟ್ಟಿರಲಾರರು.

ವೈದಿಕ ಸಂಪ್ರದಾಯದಲ್ಲಿಯೂ ಇದಕ್ಕೆ ಎಡೆಯಿದೆ. ಮಹಾಲಯದಲ್ಲಿ ರಕ್ತಸಂಬಂಧಿಗಳಲ್ಲದೆ ಗುರು, ಸ್ನೇಹಿತರನ್ನೂ ಕಾರುಣ್ಯ ಪಿತೃಗಳೆಂದು ಸ್ಮರಿಸುತ್ತಾರೆ. ಬಂಧುಗಳೇ ಇಲ್ಲದೆ ಹೋದವರಿಗಾಗಿ ತರ್ಪಣದ ಕೊನೆಯಲ್ಲಿ ಪ್ರತ್ಯೇಕವಾಗಿ ನೀರು ಬಿಡುತ್ತಾರೆ. ಭೀಷ್ಮಾಷ್ಟಮಿಯಂದು ವೈಯಾಘ್ರಪದ್ಯ ಗೋತ್ರದವನೆಂದು ಕರೆದು, ಮಕ್ಕಳಿಲ್ಲದ ಆ ಪಿತಾಮಹನಿಗೆ ಅವನ ವಂಶದವರಲ್ಲದವರೂ ತರ್ಪಣ ಕೊಡುತ್ತಾರೆ.

ಈ ಸ್ವಯಂಸೇವಕರ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ನಿಯಮವುಂಟು: ಕಂಡಂತೆ ಬರೆಯಬೇಕು, ತಿದ್ದಬಾರದು. ಪಾದ್ರಿಯು ಹೆಸರನ್ನು ತಪ್ಪಾಗಿ ಬರೆದಿದ್ದರೆ ತಪ್ಪೇ ಉಳಿಯಬೇಕು. ಓಲೆಗರಿಯ ಪ್ರತಿಗಳನ್ನು ಮಾಡುತ್ತಿದ್ದ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಕಂಡಂತೆ ಬರೆದಿದ್ದೇನೆ, ದೋಷವು ತನ್ನದಲ್ಲವೆಂದು ವಿನಯದಿಂದ ಹೇಳಿಕೊಳ್ಳುತ್ತಿದ್ದುದು ನೆನಪಾಗುತ್ತದೆ. ಇದು ಮೇಲ್ನೋಟಕ್ಕೆ ಯಾಂತ್ರಿಕವೆಂದು ತೋರಿದರೂ, ಇದರಲ್ಲಿರುವ ಸಂಯಮವು ಸಾಮಾನ್ಯವಾದುದಲ್ಲ. ಹದಿನೆಂಟನೆಯ ಶತಮಾನದ ದಾಖಲೆಗಳಲ್ಲಿ ಕಂಪನಿಯ ನೌಕರನೊಬ್ಬನ ಮಗುವಿನ ನಾಮಕರಣದ ಸಾಲಿನಲ್ಲಿ ತಂದೆಯ ಹೆಸರಿದ್ದು, ತಾಯಿಯು ಈ ನಾಡಿನ ಹೆಂಗಸಾಗಿದ್ದರೆ ಅವಳ ಹೆಸರೇ ಇಲ್ಲದಿರುವುದು ಹಲವೆಡೆ ಕಾಣುತ್ತದೆ. ಆ ಜಾಗವನ್ನು ತುಂಬಲು ಇಂದಿನ ಓದುಗನ ಕೈ ತವಕಿಸುತ್ತದೆ. ತುಂಬುವಂತಿಲ್ಲ. ಆ ತಾಯಿಯು ಈ ಪ್ರಾಂತ್ಯದ ಯಾವ ಮನೆಯ ಮಗಳೋ, ಯಾವ ಮನೆಯ ತರ್ಪಣದಲ್ಲಿ ಅವಳಿಗೆ ನೀರು ಸಲ್ಲಬೇಕಿತ್ತೋ! ಖಾಲಿ ಜಾಗವನ್ನು ಖಾಲಿಯಾಗಿಯೇ ಬರೆದಿಟ್ಟರೆ ಕನಿಷ್ಠ ಒಬ್ಬಳು ಇದ್ದಳೆಂಬುದಾದರೂ ಉಳಿಯುತ್ತದೆ.

ಹಾಗೆಂದು ಅನ್ಯರ ಪಿತೃಗಳ ಹೆಸರನ್ನು ಸಂಗ್ರಹಿಸುವುದೆಲ್ಲವೂ ನಿರ್ದೋಷವಾದ ಸೇವೆಯೇ? ಇಲ್ಲಿ ಎಚ್ಚರ ಬೇಕು. ಜಗತ್ತಿನಲ್ಲಿ ಅತ್ಯಂತ ದೊಡ್ಡ ವಂಶಾವಳಿ ಸಂಗ್ರಹಗಳಲ್ಲೊಂದಾದ ಫ್ಯಾಮಿಲಿಸರ್ಚ್ ಅಮೆರಿಕದ ಯೂಟಾ ರಾಜ್ಯದಲ್ಲಿದೆ. ಅದರ ಮೂಲವಾದ ಸಂಘವು 1894ರಷ್ಟು ಹಳೆಯದು. ಅದೂ ಉಚಿತ, ಅದರ ಸೂಚಿಗಳನ್ನು ಸಿದ್ಧಪಡಿಸುವವರಲ್ಲಿಯೂ ಬಹುಮಂದಿ ಸ್ವಯಂಸೇವಕರೇ. ಹರಿದ್ವಾರದ ಪಂಡಾಗಳ ವಹಿಗಳ ಚಿತ್ರಗಳು ಕೂಡ ಅಲ್ಲಿ ಸೇರಿವೆ. ಅದನ್ನು ನಡೆಸುತ್ತಿರುವ ಮಾರ್ಮನ್ ಪಂಥದವರ ನಂಬಿಕೆಯ ಪ್ರಕಾರ, ಬದುಕಿರುವವರು ಸತ್ತವರ ಪರವಾಗಿ ದೀಕ್ಷಾಸ್ನಾನ ಪಡೆದು ಅವರಿಗೆ ಮೋಕ್ಷದ ಮಾರ್ಗವನ್ನು ತೆರೆಯಬಹುದು. ಪಿತೃಗಳನ್ನು ಉದ್ಧರಿಸಬೇಕೆಂಬ ಹಂಬಲವು ಭಗೀರಥನ ನಾಡಿನವರಿಗೆ ಹೊಸದೇನಲ್ಲ. ಆದರೆ ಹಿಟ್ಲರನ ಕಾಲದಲ್ಲಿ ಕೊಲೆಯಾದ ಯೆಹೂದ್ಯರ ಹೆಸರುಗಳಿಗೂ ಈ ದೀಕ್ಷೆ ನಡೆದಿದೆಯೆಂದು ತಿಳಿದಾಗ ಅವರ ಬಂಧುಗಳು ನೊಂದು ಪ್ರತಿಭಟಿಸಿದರು. ಯಾವ ಧರ್ಮಕ್ಕಾಗಿ ಅವರು ಪ್ರಾಣ ತೆತ್ತರೋ ಆ ಧರ್ಮದಿಂದಲೇ ಅವರನ್ನು ಸತ್ತ ಮೇಲೆ ಹೊರಗೊಯ್ಯುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. 1995ರಲ್ಲಿ ಅದನ್ನು ನಿಲ್ಲಿಸುವ ಒಪ್ಪಂದವಾಯಿತು. ಒಳ್ಳೆಯ ಉದ್ದೇಶವೆಂಬುದು ಅನ್ಯರ ಪಿತೃಗಳ ಮೇಲೆ ಹಕ್ಕನ್ನು ಕೊಡುವುದಿಲ್ಲ. ಬಂಧುಗಳಿಲ್ಲದವರಿಗೆ ಬಿಡುವ ನೀರಿಗೂ ಇದಕ್ಕೂ ಇರುವ ಅಂತರವು ಸೂಕ್ಷ್ಮವಾದುದು: ಆ ನೀರು ಯಾರನ್ನೂ ತನ್ನವನನ್ನಾಗಿ ಮಾಡಿಕೊಳ್ಳುವುದಿಲ್ಲ; ಬಾಯಾರಿದವನು ಯಾರೇ ಆಗಲಿ ಕುಡಿದು ಹೋಗಲಿ ಎಂದಷ್ಟೇ ಹೇಳುತ್ತದೆ. ಹೆಸರನ್ನು ಕಂಡಂತೆ ಬರೆದಿಟ್ಟು, ಬೇಕಾದವರಿಗೆ ಬಿಟ್ಟು ಸರಿದು ನಿಲ್ಲುವವನ ಸೇವೆಯು ಆ ನೀರಿಗೆ ಸಮೀಪವಾದುದು.

ಮತ್ತೊಂದು ಪ್ರಶ್ನೆಯು ಹುಡುಕುವವನದು. ಹುಡುಕಿದಾಗ ಸಿಗುವುದು ಯಾವಾಗಲೂ ಹೆಮ್ಮೆಪಡುವಂತಹುದೇ ಆಗಿರುವುದಿಲ್ಲ. 1860ರ ಅಕ್ಟೋಬರಿನಲ್ಲಿ ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಡರ್ಬನ್ನನ್ನು ಮುಟ್ಟಿತು. ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನರು ಕರಾರಿನ ಕೂಲಿಗಳಾಗಿ ನಟಾಲಿಗೆ ಹೋದರು. ಅವರಲ್ಲಿ ಹೆಚ್ಚಿನವರು ಮದರಾಸಿನಿಂದ ಹಡಗು ಹತ್ತಿದವರು. ಹಡಗಿನ ಪಟ್ಟಿಗಳಲ್ಲಿ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಮೈಮೇಲಿನ ಗುರುತುಗಳು ಇವೆ. ವಿದ್ವಾಂಸರ ಶ್ರಮದಿಂದ ಈ ಪಟ್ಟಿಗಳು ಹುಡುಕಲು ಬರುವಂತಾದ ಮೇಲೆ, ನಾಲ್ಕನೆಯ ಐದನೆಯ ತಲೆಮಾರಿನವರು ಒಂದು ಸಂಖ್ಯೆಯನ್ನೂ ತಪ್ಪಾಗಿ ಬರೆದ ಒಂದು ಊರಿನ ಹೆಸರನ್ನೂ ಹಿಡಿದು ಈ ಕಡೆಗೆ ಬರತೊಡಗಿದರು. ಅವರಿಗೆ ದೊರೆಯುವುದು ರಾಜವಂಶವಲ್ಲ. ಎಡಗಾಲಿನ ಮೇಲೆ ಗಾಯದ ಗುರುತಿದ್ದ ಒಬ್ಬ ಕೂಲಿಯವನು. ತಮ್ಮ ಪೂರ್ವಿಕನು ಕಡಲಾಚೆ ಬಿಟ್ಟುಹೋಗಲು ಬಯಸಿದ್ದ ಜಾತಿಯೂ ಅದೇ ಸಾಲಿನಲ್ಲಿ ದೊರೆಯುತ್ತದೆ. ಕೆಲವು ಮನೆಗಳಲ್ಲಿ ದತ್ತು ಬಂದವನೆಂಬ, ಕ್ಷಾಮದಲ್ಲಿ ಅನಾಥನಾದವನೆಂಬ, ತಂದೆಯ ಹೆಸರಿಲ್ಲದವನೆಂಬ ಸಂಗತಿಯು ಹೊರಬೀಳುತ್ತದೆ. ಮುಚ್ಚಿಡುವುದು ಧರ್ಮವೇ?

ಬದುಕಿರುವವರ ವಿಷಯದಲ್ಲಿ ಮೌನವು ಧರ್ಮವೇ ಸರಿ. ಫ್ಯಾಮಿಲಿಸರ್ಚಿನಲ್ಲಿ ಬದುಕಿರುವವರ ವಿವರಗಳನ್ನು ಇತರರಿಗೆ ತೋರಿಸುವುದಿಲ್ಲ. ಹೆಳವನೂ ಒಂದು ಮನೆಯ ಕಥೆಯನ್ನು ಆ ಮನೆಯ ಅಂಗಳದಲ್ಲಿ ಹೇಳುತ್ತಾನೆ. ಎಲ್ಲರಿಗೂ ತೆರೆದಿಟ್ಟ ಪಟ್ಟಿಗೆ ಅಂಗಳವಿಲ್ಲ. ಅದರ ಉಪಕಾರವೂ ಅಪಾಯವೂ ಅಲ್ಲಿಯೇ ಇವೆ. ಸತ್ತವರ ವಿಷಯದಲ್ಲಿಯಾದರೋ, ಛಾಂದೋಗ್ಯವು ದಾರಿ ತೋರಿಸಿದೆ. ಗೋತ್ರವೇನೆಂದು ಮಗನು ಕೇಳಿದಾಗ ಜಬಾಲೆಯು, ಯೌವನದಲ್ಲಿ ಹಲವೆಡೆ ಪರಿಚಾರಿಕೆ ಮಾಡುತ್ತಿದ್ದಾಗ ಅವನನ್ನು ಪಡೆದುದಾಗಿಯೂ, ಗೋತ್ರವನ್ನು ಅರಿಯೆನೆಂದೂ ಹೇಳಿದಳು. ಸತ್ಯಕಾಮನು ಅದನ್ನೇ ಹಾರಿದ್ರುಮತ ಗೌತಮರ ಮುಂದೆ ಮುಚ್ಚುಮರೆಯಿಲ್ಲದೆ ನುಡಿದನು. ಆ ಸತ್ಯಕ್ಕಾಗಿಯೇ ಗುರುಗಳು ಅವನಿಗೆ ಉಪನಯನ ಮಾಡಿದರು. ಇಡೀ ಪ್ರಸಂಗದಲ್ಲಿ ತಂದೆಯ ಹೆಸರು ಎಲ್ಲಿಯೂ ಬರುವುದಿಲ್ಲ. ತಾಯಿಯ ಹೆಸರು ಬಂದಿದೆ, ಅದರಿಂದಲೇ ಅವನು ಜಾಬಾಲನಾದನು. ವಂಶಾವಳಿಯನ್ನು ಕುಲದ ಹಿರಿಮೆಗಾಗಿ ಬಳಸುವವರು, ಬೇಡದ ಹೆಸರನ್ನು ಅಳಿಸಿ ಬೇಕಾದ ಋಷಿಯನ್ನೋ ಅರಸನನ್ನೋ ಮೇಲೆ ಕೂರಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರ ತರ್ಪಣದ ನೀರು ಯಾರಿಗೆ ಸಲ್ಲುತ್ತದೆಯೋ ಬಲ್ಲವರಾರು!

ಇನ್ನು ಕನ್ನಡಿಗರ ಮನೆಗಳ ಮಾತು. ಚೆನ್ನೈಯ ಕನ್ನಡ ಮನೆಗಳ ಪೆಟ್ಟಿಗೆಗಳಲ್ಲಿ, ಹಳೆಯ ಪಂಚಾಂಗಗಳ ಅಂಚಿನಲ್ಲಿ, ಭಾರತ ರಾಮಾಯಣಗಳ ರಕ್ಷಾಪುಟದ ಒಳಬದಿಯಲ್ಲಿ, ಹೋಟೆಲಿನ ಲೆಕ್ಕದ ಪುಸ್ತಕಗಳ ಕೊನೆಯ ಹಾಳೆಯಲ್ಲಿ ಹುಟ್ಟು ಸಾವುಗಳನ್ನು ಬರೆದಿಟ್ಟಿರುವುದುಂಟು. ಬರೆದಿರುವುದು ಕನ್ನಡದಲ್ಲಿ. ಮೂರನೆಯ ತಲೆಮಾರಿನ ಮೊಮ್ಮಗನು ಮನೆಯಲ್ಲಿ ಕನ್ನಡವನ್ನು ಆಡಬಲ್ಲನು. ಓದಿರುವುದು ತಮಿಳು, ಇಂಗ್ಲಿಷು. ಅಜ್ಜನ ಅಕ್ಷರಗಳು ಅವನಿಗೆ ಬಳ್ಳಿಯ ಚಿತ್ರಗಳಂತೆ ಕಾಣುತ್ತವೆ. ಓದಿಸಿದರೂ ತೊಡಕು ಮುಗಿಯುವುದಿಲ್ಲ. ಪ್ರಜೋತ್ಪತ್ತಿ ಸಂವತ್ಸರದ ಆಷಾಢ ಬಹುಳ ಪಂಚಮಿ ಎಂದು ಬರೆದಿದ್ದರೆ ಅದು 1871 ಆಗಬಹುದು, 1931ಲೂ ಆಗಬಹುದು. 60 ವರ್ಷಗಳಿಗೊಮ್ಮೆ ಅದೇ ಹೆಸರು ಮರಳುತ್ತದೆ. ಯಾವುದೆಂದು ನಿರ್ಣಯಿಸಲು ಪಕ್ಕದ ವಾರವನ್ನೋ ನಕ್ಷತ್ರವನ್ನೋ ನೋಡಿ ಲೆಕ್ಕ ಹಾಕಬೇಕು. ಮದರಾಸಿನ ದಫ್ತರಿನ ಸಾಲುಗಳನ್ನು ಬಿಡಿಸಿದ ಪರದೇಶದ ಸ್ವಯಂಸೇವಕನಿಗೆ ಈ ಕೆಲಸವು ಸಾಧ್ಯವಿಲ್ಲ. ಸಾಧ್ಯವಿರುವುದು ಕನ್ನಡ ಓದಬಲ್ಲ, ಪಂಚಾಂಗ ಬಲ್ಲ ಹಿರಿಯರಿಗೆ. ಸಂಘದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಕಾರ್ಯಕ್ರಮ ಮುಗಿದ ಮೇಲೆ ಏನು ಮಾಡುವುದೆಂದು ತೋಚದೆ ಮನೆಗೆ ಹಿಂದಿರುಗುವವರಿಗೆ. ನೆರೆಮನೆಯವರ ಅಜ್ಜನ ಹಾಳೆಯೊಂದನ್ನು ಕಂಡಂತೆ ಪ್ರತಿಮಾಡಿ, ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಅದರ ಕೆಳಗೆ ಹೆಸರುಗಳನ್ನು ಬರೆದುಕೊಡಲು ಒಂದು ಮಧ್ಯಾಹ್ನ ಸಾಕು.

ಮಹಾನವಮಿಯಂದು ದೇವರ ಮುಂದೆ ಪುಸ್ತಕಗಳನ್ನು ಜೋಡಿಸುವಾಗ ಮಕ್ಕಳ ಪಠ್ಯಪುಸ್ತಕಗಳ ಜೊತೆಯಲ್ಲಿ ಆ ಲೆಕ್ಕದ ಪುಸ್ತಕವನ್ನೂ ಇಡುವ ಮನೆಗಳು ಕೆಲವುಂಟು. ವಿಜಯದಶಮಿಯ ಬೆಳಗ್ಗೆ ಪುನಃಪೂಜೆಯಾದ ಮೇಲೆ ಪ್ರತಿಯೊಬ್ಬರೂ ತಮ್ಮ ಪುಸ್ತಕವನ್ನು ತೆಗೆದು ಒಂದೆರಡು ಸಾಲುಗಳನ್ನು ಓದುವುದು ಪದ್ಧತಿ. ಲೆಕ್ಕದ ಪುಸ್ತಕದ ಸರದಿ ಬಂದಾಗ, ಓದಬಲ್ಲವರು ಯಾರೆಂದು ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.